ದುಬೈ ಫ್ಲಾಟ್, ತಿಂಗಳಿಗೆ 1%: ಸಹಿ ಹಾಕೋ ಮುಂಚೆ ಈ ಲೆಕ್ಕ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಇವತ್ತಿನ ವಿಷಯ ಹೊರದೇಶದಲ್ಲಿ ಮನೆ ಕೊಳ್ಳೋದು. 'ಇಲ್ಲಿ ಬೆಂಗಳೂರಲ್ಲೇ ಒಂದು 30-40 ಸೈಟಿಗೆ ಗತಿ ಇಲ್ಲ, ಇನ್ನು ಫಾರಿನ್ನಾ' ಅಂತ ಕೆಲವರು ನಗ್ತಿರಬಹುದು. ನಗಬೇಡಿ. ನಿಮ್ಮ ಫೋನ್‌ನಲ್ಲೂ ಆ ಜಾಹೀರಾತು ಬಂದಿರುತ್ತೆ. ಬುರ್ಜ್ ಖಲೀಫಾ ಹಿಂದೆ ಸೂರ್ಯ ಮುಳುಗ್ತಾ ಇರುತ್ತೆ, ಕೆಳಗೆ ದಪ್ಪಕ್ಷರದಲ್ಲಿ 'ತಿಂಗಳಿಗೆ ಬರೀ 1% ಕಟ್ಟಿ, ದುಬೈನಲ್ಲಿ ಮನೆ ಮಾಡಿ.'

ನನ್ನ ಒಬ್ಬ ಸ್ನೇಹಿತ ಅದನ್ನ ಒತ್ತಿದ. ಅವನ ಕಥೆ ಹೇಳ್ತೀನಿ. ಹೆಸರು ಹೇಳಬಾರದು ಅಂತ ಷರತ್ತು ಹಾಕಿದ್ದಾನೆ, ಹಾಗಾಗಿ 'ಸ್ನೇಹಿತ' ಅಂತಲೇ ಕರೀತೀನಿ.

ಊರು ಉಡುಪಿ ಕಡೆ, ಕೆಲಸ ಬೆಂಗಳೂರಲ್ಲಿ, ವಯಸ್ಸು 31. ಒಳ್ಳೆ ಸಂಬಳ. ಒಂದು ಭಾನುವಾರ 'ಬಾರೋ, ಸುಮ್ನೆ ನೋಡ್ಕೊಂಡು ಬರೋಣ' ಅಂತ ನನ್ನನ್ನೂ ಕರ್ಕೊಂಡು ಹೋದ. ದೊಡ್ಡ ಹೋಟೆಲ್. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಕಟ್ಟಡದ ಮಾಡೆಲ್, ತಟ್ಟೆ ತುಂಬ ಖರ್ಜೂರ, ಎಸಿ ಎಷ್ಟು ಅಂದ್ರೆ ಚಳಿ. ಸೂಟು ಹಾಕಿದ ಹುಡುಗ ಐದೇ ನಿಮಿಷದಲ್ಲಿ ಲೆಕ್ಕ ಬರೆದು ಕೊಟ್ಟ. ಒಂದು ಸ್ಟುಡಿಯೊ ಫ್ಲಾಟ್, ಬೆಲೆ 6 ಲಕ್ಷ ದಿರ್ಹಮ್. ಈಗ 10% ಕಟ್ಟಬೇಕು. ಆಮೇಲೆ ತಿಂಗಳಿಗೆ 1% ಹಾಗೆ 40 ತಿಂಗಳು. ಉಳಿದ 50% ಕೀ ಕೊಡುವಾಗ. ಕಟ್ಟಡ ಇನ್ನೂ ಎದ್ದಿಲ್ಲ, ಇದಕ್ಕೆ 'ಆಫ್ ಪ್ಲಾನ್' ಅಂತಾರೆ.

ನನ್ನ ಸ್ನೇಹಿತ ಸ್ವಲ್ಪ ಹಿಂದೆ ಮುಂದೆ ನೋಡಿದ. ಆಗ ಆ ಹುಡುಗ ಹೇಳಿದ ಒಂದು ಮಾತು: 'ಸರ್, ಬೆಂಗಳೂರಲ್ಲಿ ಇಎಂಐ ಕಟ್ಟಲ್ವಾ? ಇದೂ ಅಷ್ಟೇ.'

ಇದೂ ಅಷ್ಟೇನಾ? ಇವತ್ತಿನ ಸಂಚಿಕೆ ಪೂರ್ತಿ ಈ ಒಂದು ಮಾತಿನ ಮೇಲೆ.

ವಿದೇಶೀಯನಿಗೆ ಗೆರೆ ಎಲ್ಲ ಕಡೆ ಇದೆ

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಕೊಳ್ಳಿ. ದುಡ್ಡಿದೆ ಅಂದ ಮಾತ್ರಕ್ಕೆ ಯಾವ ದೇಶದಲ್ಲಿ ಬೇಕಾದ್ರೂ ಮನೆ ಸಿಗಲ್ಲ. ಥಾಯ್ಲೆಂಡ್‌ನಲ್ಲಿ ವಿದೇಶೀಯರು ಸಾಮಾನ್ಯವಾಗಿ ತಮ್ಮ ಹೆಸರಲ್ಲಿ ಭೂಮಿ ಕೊಳ್ಳೋ ಹಾಗಿಲ್ಲ. ಕಾಂಡೊ ಫ್ಲಾಟ್ ಕೊಳ್ಳಬಹುದು, ಆದರೆ ಒಂದು ಕಟ್ಟಡದ ಒಟ್ಟು ಫ್ಲಾಟ್ ವಿಸ್ತೀರ್ಣದಲ್ಲಿ 49%ಗಿಂತ ಹೆಚ್ಚು ವಿದೇಶೀಯರ ಕೈಯಲ್ಲಿ ಇರೋ ಹಾಗಿಲ್ಲ. ಸಿಂಗಪುರ 2023ರ ಏಪ್ರಿಲ್‌ನಿಂದ ವಿದೇಶೀಯರು ಕೊಳ್ಳೋ ಮನೆ ಮೇಲೆ 60% ಹೆಚ್ಚುವರಿ ಮುದ್ರಾಂಕ ಶುಲ್ಕ ಹಾಕಿದೆ. ಕೆನಡಾ 2023ರಿಂದ ಹೆಚ್ಚಿನ ವಿದೇಶೀಯರಿಗೆ ಮನೆ ಕೊಳ್ಳೋದನ್ನೇ ನಿಷೇಧಿಸಿತು. ಆಸ್ಟ್ರೇಲಿಯಾ 2025ರ ಏಪ್ರಿಲ್‌ನಿಂದ ಎರಡು ವರ್ಷ, ಈಗಾಗಲೇ ಇರುವ ಮನೆಗಳನ್ನ ವಿದೇಶೀಯರು ಕೊಳ್ಳಬಾರದು ಅಂತು.

ಇದೇನೂ ವಿಚಿತ್ರ ಅಲ್ಲ. ನಮ್ಮ ಕರ್ನಾಟಕದಲ್ಲೇ 2020ರಲ್ಲಿ ಭೂ ಸುಧಾರಣಾ ಕಾಯ್ದೆ ತಿದ್ದುಪಡಿ ಆಗೋವರೆಗೆ, ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳೋಕೆ ತಡೆ ಇತ್ತು. ಭೂಮಿ ಅಂದಾಗ 'ಯಾರು ಒಳಗಿನವರು, ಯಾರು ಹೊರಗಿನವರು' ಅನ್ನೋ ಪ್ರಶ್ನೆ ಎಲ್ಲ ಸರ್ಕಾರಗಳೂ ಕೇಳ್ತವೆ.

ದುಬೈ ಈ ಬಾಗಿಲನ್ನ 2002ರಲ್ಲಿ ತೆರೀತು. 2006ರ 7ನೇ ಕಾನೂನು ಅದಕ್ಕೆ ಗಟ್ಟಿ ತಳಪಾಯ ಹಾಕ್ತು. ಆದರೆ ಅಲ್ಲೂ ಗೆರೆ ಇದೆ. ವಿದೇಶೀಯರು ಪೂರ್ಣ ಒಡೆತನ ಪಡೆಯೋದು ಸರ್ಕಾರ ಗುರುತು ಮಾಡಿದ ಪ್ರದೇಶಗಳಲ್ಲಿ ಮಾತ್ರ. ದುಬೈ ಮರೀನಾ, ಪಾಮ್ ಜುಮೇರಾ, ಜುಮೇರಾ ಲೇಕ್ ಟವರ್ಸ್, ಇಂಥವು. ಇದನ್ನ 'ಫ್ರೀಹೋಲ್ಡ್' ಅಂತಾರೆ. ಕೆಲವು ಕಡೆ ಸಿಗೋದು 99 ವರ್ಷದವರೆಗಿನ ಲೀಸ್. ಎರಡೂ ಒಂದೇ ಅಲ್ಲ. ಮೊದಲ ಪ್ರಶ್ನೆ ಇದೇ ಆಗಿರಲಿ: ಫ್ರೀಹೋಲ್ಡಾ, ಲೀಸಾ?

ಒಂದು ಮನೆ, ಎರಡು ದೇಶದ ಕಾನೂನು

ಈಗ 'ಇದೂ ಅಷ್ಟೇ' ಅನ್ನೋ ಮಾತಿಗೆ ಬರೋಣ.

ಬೆಂಗಳೂರಲ್ಲಿ ಫ್ಲಾಟ್ ತಗೊಂಡ್ರೆ ಬ್ಯಾಂಕ್ ಸಾಲ ಕೊಡುತ್ತೆ. ಸಾಲ ಕೊಡೋ ಮುಂಚೆ ಅದರ ವಕೀಲರು ಕಾಗದಪತ್ರ ನೋಡ್ತಾರೆ. ನಿಮಗೋಸ್ಕರ ಅಲ್ಲ, ಅವರ ದುಡ್ಡಿಗೋಸ್ಕರ ನೋಡ್ತಾರೆ, ಆದರೂ ಒಂದು ಜೊತೆ ಕಣ್ಣು ಜಾಸ್ತಿ ಆಯ್ತಲ್ಲ. ದುಬೈ ಫ್ಲಾಟಿಗೆ ಭಾರತದಲ್ಲಿರೋ ನಮಗೆ ಆ ಕಣ್ಣು ಇಲ್ಲ. ಯಾಕೆ?

ಭಾರತದಲ್ಲಿ ವಾಸ ಮಾಡೋರು ಹೊರದೇಶದಲ್ಲಿ ಆಸ್ತಿ ಕೊಳ್ಳೋಕೆ ಇರೋ ಸಾಮಾನ್ಯ ದಾರಿ ರಿಸರ್ವ್ ಬ್ಯಾಂಕಿನ 'ಎಲ್‌ಆರ್‌ಎಸ್', ಅಂದ್ರೆ ಉದಾರೀಕೃತ ಹಣ ರವಾನೆ ಯೋಜನೆ. ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. ಆದರೆ ಆಸ್ತಿ ಕೊಳ್ಳೋಕೆ ಹೀಗೆ ಹಣ ಕಳಿಸೋದಕ್ಕೆ ಇಲ್ಲಿನ ಬ್ಯಾಂಕ್ ಸಾಲ ಕೊಡೋ ಹಾಗಿಲ್ಲ. ನಿಮ್ಮ ಸ್ವಂತ ದುಡ್ಡೇ ಆಗಬೇಕು.

ಈಗ ನನ್ನ ಸ್ನೇಹಿತನ ಚೀಟಿ ಇನ್ನೊಮ್ಮೆ ನೋಡಿ. ಕೀ ಕೊಡುವಾಗ 50%. ಅಂದ್ರೆ 3 ಲಕ್ಷ ದಿರ್ಹಮ್. ಲೆಕ್ಕಕ್ಕೆ ಒಂದು ದಿರ್ಹಮ್‌ಗೆ 24 ರೂಪಾಯಿ ಅಂತ ಇಟ್ಕೊಳ್ಳಿ. 72 ಲಕ್ಷ ರೂಪಾಯಿ, ಒಂದೇ ಸಲ, ಹೋಮ್ ಲೋನ್ ಇಲ್ಲದೆ. ಅಲ್ಲಿನ ಬ್ಯಾಂಕಿನಿಂದ ಸಾಲ ತರೋಣ ಅಂದ್ರೆ, ಭಾರತದ ನಿವಾಸಿ ಹೊರಗಿನ ಸಾಲ ತೆಗೆಯೋದು ಫೆಮಾ ಕಾನೂನಿನ ಇನ್ನೊಂದು ಗಂಟು. ಕಂತಿನ ಕರಾರನ್ನೂ, ಸಾಲದ ಯೋಚನೆಯನ್ನೂ ಸಹಿಗೆ ಮುಂಚೆಯೇ ಫೆಮಾ ಗೊತ್ತಿರೋ ಸಿಎಗೆ ತೋರಿಸಿ.

'ಅಪ್ಪ ಅಮ್ಮನ ಹೆಸರಲ್ಲೂ ದುಡ್ಡು ಕಳಿಸಿದ್ರೆ ಆಯ್ತು' ಅಂತೀರಾ? ಕಳಿಸಬಹುದು. ಆದರೆ ಅವರೂ ಆ ಆಸ್ತಿಯ ಜಂಟಿ ಮಾಲೀಕರಾಗಿರಬೇಕು. ಅವರ ಮಿತಿ ಬಳಸಿ ಮನೆ ನಿಮ್ಮೊಬ್ಬರ ಹೆಸರಿಗೆ ಮಾಡ್ಕೊಳ್ಳೋದು ನಡೆಯಲ್ಲ.

ಕ್ರೆಡಿಟ್ ಕಾರ್ಡ್? ನನ್ನ ಸ್ನೇಹಿತ ಎಡವಿದ್ದು ಇಲ್ಲೇ. 'ಇವತ್ತು ಟೋಕನ್ ಕೊಟ್ರೆ ಈ ಮಹಡಿ ನಿಮಗೆ ಹಿಡಿದಿಡ್ತೀವಿ' ಅಂದ್ರು. 5,000 ದಿರ್ಹಮ್, ಅಂದ್ರೆ ಸುಮಾರು 1.2 ಲಕ್ಷ ರೂಪಾಯಿ. ಕಾರ್ಡ್ ಉಜ್ಜಿದ, ರಸೀದಿ ಜೇಬಿಗೆ ಹಾಕ್ಕೊಂಡ. ಪಕ್ಕದಲ್ಲಿ ಕೂತು ಖರ್ಜೂರ ತಿಂತಿದ್ದ ನಾನೂ ಬೇಡ ಅನ್ನಲಿಲ್ಲ. ಅಂತರರಾಷ್ಟ್ರೀಯ ಕ್ರೆಡಿಟ್ ಕಾರ್ಡ್ ಇರೋದು ಪ್ರವಾಸ, ಶಾಪಿಂಗ್, ಹೋಟೆಲ್ ಬಿಲ್ ಥರದ ಖರ್ಚಿಗೆ. ಆಸ್ತಿ ಕೊಳ್ಳೋದು ಬಂಡವಾಳದ ವ್ಯವಹಾರ, ಅದು ಬ್ಯಾಂಕ್ ಮೂಲಕ ಎಲ್‌ಆರ್‌ಎಸ್ ಅರ್ಜಿ ತುಂಬಿಯೇ ಹೋಗಬೇಕು. ಇನ್ನು ಹವಾಲಾ ದಾರಿ ತೋರಿಸೋರು ಸಿಕ್ಕಿದ್ರೆ ಎದ್ದು ಬನ್ನಿ. ಫೆಮಾ ಉಲ್ಲಂಘನೆಗೆ ಮೊತ್ತದ ಮೂರು ಪಟ್ಟುವರೆಗೆ ದಂಡ ಇದೆ. ಹೊರಗಿನ ಆಸ್ತಿಗೆ ಸಮನಾದ ನಿಮ್ಮ ಇಲ್ಲಿನ ಆಸ್ತಿಯನ್ನೂ ಜಪ್ತಿ ಮಾಡೋಕೆ ಅವಕಾಶ ಇದೆ.

ಮೊದಲ ವರ್ಷದ ನಿಜವಾದ ಲೆಕ್ಕ

ಪೆನ್ನು ಬೇಡ, ನಾನೇ ಹೇಳ್ತೀನಿ.

6 ಲಕ್ಷ ದಿರ್ಹಮ್ ಫ್ಲಾಟ್. 10% ಅಂದ್ರೆ 14.4 ಲಕ್ಷ ರೂಪಾಯಿ. ದುಬೈ ಭೂ ಇಲಾಖೆಯ ನೋಂದಣಿ ಶುಲ್ಕ 4%, ಅದು 5.76 ಲಕ್ಷ. ತಿಂಗಳಿಗೆ 1% ಅಂದ್ರೆ 1.44 ಲಕ್ಷ, ಹನ್ನೆರಡು ತಿಂಗಳಿಗೆ 17.28 ಲಕ್ಷ. ಒಟ್ಟು 37.44 ಲಕ್ಷ ರೂಪಾಯಿ.

ಇದರ ಮೇಲೆ ಟಿಸಿಎಸ್. ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ದಾಟಿದ ಮೊತ್ತಕ್ಕೆ, ಇಂಥ ಹೂಡಿಕೆ ರವಾನೆಗೆ, ಬ್ಯಾಂಕ್ 20% ತೆರಿಗೆ ಹಿಡ್ಕೊಳ್ಳುತ್ತೆ. ಇಷ್ಟೂ ಹಣ ಒಂದೇ ಹಣಕಾಸು ವರ್ಷದಲ್ಲಿ ಹೋದ್ರೆ ಸುಮಾರು 5.5 ಲಕ್ಷ. ಇದು ಕಳೆದುಹೋಗೋ ದುಡ್ಡಲ್ಲ, ರಿಟರ್ನ್ ಹಾಕುವಾಗ ಹೊಂದಿಸ್ಕೋಬಹುದು, ವಾಪಸ್ಸೂ ಪಡೀಬಹುದು. ಆಫೀಸಿಗೆ ತಿಳಿಸಿದ್ರೆ ಸಂಬಳದ ಟಿಡಿಎಸ್‌ನಲ್ಲೂ ಹೊಂದಿಸ್ತಾರೆ. ಆದರೆ ಆ ತಿಂಗಳು ನಿಮ್ಮ ಖಾತೆಯಿಂದಂತೂ ಹೋಗುತ್ತೆ. 'ತಿಂಗಳಿಗೆ ಬರೀ 1%' ಅಂದವರ ಮೊದಲ ವರ್ಷ 43 ಲಕ್ಷ ರೂಪಾಯಿ ಕೇಳುತ್ತೆ.

ಇನ್ನೊಂದು. ಹತ್ತು ವರ್ಷದ ಹಿಂದೆ ಒಂದು ದಿರ್ಹಮ್‌ಗೆ 18 ರೂಪಾಯಿ ಆಸುಪಾಸು ಇತ್ತು. ದಿರ್ಹಮ್ ಅನ್ನ 1997ರಿಂದ ಡಾಲರ್‌ಗೆ ಕಟ್ಟಿ ಹಾಕಿದ್ದಾರೆ, ಒಂದು ಡಾಲರ್‌ಗೆ 3.6725. ಅಂದ್ರೆ ನಿಮ್ಮ ಕಂತು ಇರೋದು ಡಾಲರ್‌ನಲ್ಲಿ, ಸಂಬಳ ಬರೋದು ರೂಪಾಯಿಯಲ್ಲಿ. 6,000 ದಿರ್ಹಮ್ ಕಂತು ಆಗಿದ್ರೆ 1.08 ಲಕ್ಷ, ಈಗ 1.44 ಲಕ್ಷ. ಬೆಂಗಳೂರಿನ ಇಎಂಐ ಡಾಲರ್ ನೋಡಿ ಏರಲ್ಲ.

ಇನ್ನೂ ದೊಡ್ಡದು ಒಂದಿದೆ. 2013ರ ಆಗಸ್ಟ್. ರೂಪಾಯಿ ಕುಸೀತಾ ಇತ್ತು. ರಿಸರ್ವ್ ಬ್ಯಾಂಕ್ ಎಲ್‌ಆರ್‌ಎಸ್ ಮಿತಿಯನ್ನ 2 ಲಕ್ಷ ಡಾಲರ್‌ನಿಂದ 75,000ಕ್ಕೆ ಇಳಿಸ್ತು. ಅಷ್ಟೇ ಅಲ್ಲ, ಆ ಹಣದಲ್ಲಿ ಹೊರದೇಶದಲ್ಲಿ ಆಸ್ತಿ ಕೊಳ್ಳೋದನ್ನೇ ನಿಲ್ಲಿಸ್ತು. ಮತ್ತೆ ಅವಕಾಶ ಕೊಟ್ಟಿದ್ದು 2014ರಲ್ಲಿ. ಹೀಗಾಗಬಾರದಿತ್ತು ಅಂತ ನಾನು ಹೇಳ್ತಿಲ್ಲ, ದೇಶಕ್ಕೆ ಆಗ ಡಾಲರ್ ಬೇಕಿತ್ತು. ಹೇಳೋದು ಇಷ್ಟು: 40 ತಿಂಗಳ ಕಂತಿಗೆ ನೀವು ಸಹಿ ಹಾಕ್ತೀರ, ಆದರೆ ಹಣ ಹೋಗೋ ನಲ್ಲಿಯ ತಿರುಪು ನಿಮ್ಮ ಕೈಯಲ್ಲಿಲ್ಲ.

ಕಂತು ನಿಂತರೆ ಏನಾಗುತ್ತೆ?

ಕೆಲಸ ಹೋಯ್ತು ಅಂದ್ಕೊಳ್ಳಿ. ಐಟಿ ಕ್ಷೇತ್ರದಲ್ಲಿ ಇರೋರಿಗೆ ಇದನ್ನ ವಿವರಿಸಿ ಹೇಳಬೇಕಿಲ್ಲ.

ಒಂದೂವರೆ ವರ್ಷ ಕಟ್ಟಿದ್ದೀರ. 10% ಮತ್ತೆ 18%, ಒಟ್ಟು 28%. ಅಂದ್ರೆ 1.68 ಲಕ್ಷ ದಿರ್ಹಮ್, ನಮ್ಮ ದುಡ್ಡಲ್ಲಿ 40 ಲಕ್ಷ. ಈಗ ಕಂತು ಕಟ್ಟೋಕಾಗಲ್ಲ. ದುಬೈ ಕಾನೂನು ಏನನ್ನುತ್ತೆ? ಬಿಲ್ಡರ್ ಭೂ ಇಲಾಖೆಗೆ ತಿಳಿಸ್ತಾನೆ, ನಿಮಗೆ 30 ದಿನದ ನೋಟಿಸ್ ಬರುತ್ತೆ. ಆಮೇಲೂ ಕಟ್ಟದಿದ್ರೆ ಕರಾರು ರದ್ದು ಮಾಡಬಹುದು. ಕಟ್ಟಡದ ಕೆಲಸ ಶುರುವಾಗಿ 60% ಮುಟ್ಟಿಲ್ಲ ಅಂದ್ರೆ, ಬಿಲ್ಡರ್ 25%ವರೆಗೆ ಇಟ್ಕೋಬಹುದು. ಗಮನಿಸಿ, ನೀವು ಕಟ್ಟಿದ ಹಣದ 25% ಅಲ್ಲ. ಫ್ಲಾಟಿನ ಪೂರ್ತಿ ಬೆಲೆಯ 25%.

6 ಲಕ್ಷದ 25% ಎಷ್ಟು? 1.5 ಲಕ್ಷ ದಿರ್ಹಮ್. ನೀವು ಕಟ್ಟಿದ್ದು 1.68 ಲಕ್ಷ. ವಾಪಸ್ ಬರೋದು 18,000 ದಿರ್ಹಮ್. 40 ಲಕ್ಷ ರೂಪಾಯಿ ಕಟ್ಟಿ, ಸುಮಾರು 4.3 ಲಕ್ಷ ಹಿಡ್ಕೊಂಡು ಮನೆಗೆ. ನೋಂದಣಿಗೆ ಕೊಟ್ಟ 4% ಬೇರೆ. ಕೆಲಸ 60% ದಾಟಿದ್ರೆ ಬಿಲ್ಡರ್ ಇಟ್ಕೊಳ್ಳೋ ಪಾಲು ಬೆಲೆಯ 40%ವರೆಗೆ ಏರುತ್ತೆ.

ಇದನ್ನ ಮೋಸ ಅನ್ನೋಕಾಗಲ್ಲ. ಇದು ಅಲ್ಲಿನ ಕಾನೂನು, ಬರೆದಿಟ್ಟಿದ್ದಾರೆ. ಖರ್ಜೂರ ಕೊಟ್ಟವರು ಹೇಳಲಿಲ್ಲ, ನಾವು ಕೇಳಲಿಲ್ಲ, ಅಷ್ಟೇ.

'ನೀನು ನೋಡಿದ್ದು ಮನೆಯಾ, ಫೋಟೊವಾ?'

ಟೋಕನ್ ಕೊಟ್ಟ ರಾತ್ರಿ ನನ್ನ ಸ್ನೇಹಿತ ಖುಷಿಯಲ್ಲಿ ದುಬೈಯಲ್ಲಿರೋ ಸೋದರಮಾವನಿಗೆ ಫೋನ್ ಮಾಡಿದ. ಮಾವ 1998ರಲ್ಲೇ ಹೋದವರು. ಸ್ಪೀಕರ್ ಆನ್ ಇತ್ತು, ನಾನೂ ಕೇಳಿಸ್ಕೊಂಡೆ.

'ಮಾವ, ನಾನೂ ದುಬೈಯಲ್ಲಿ ಮನೆ ಬುಕ್ ಮಾಡಿದೆ.'

ಆ ಕಡೆ ಒಂದು ನಿಮಿಷ ಮಾತಿಲ್ಲ. ಆಮೇಲೆ, 'ಎಂತ ಮಾರಾಯ, ನೀನು ನೋಡಿದ್ದು ಮನೆಯಾ, ಮನೆಯ ಫೋಟೊವಾ?'

ಅವರೂ ಒಂದು ಕಾಲದಲ್ಲಿ ಫೋಟೊ ನೋಡಿಯೇ ದುಡ್ಡು ಕೊಟ್ಟವರು. 2007ರಲ್ಲಿ. ಊರೆಲ್ಲ ಕ್ರೇನು, ಬೆಳಿಗ್ಗೆ ಬುಕ್ ಮಾಡಿ ಸಂಜೆ ಲಾಭಕ್ಕೆ ಮಾರ್ತಿದ್ರಂತೆ. 2008ರ ಕೊನೆಗೆ ಜಗತ್ತಿನ ಹಣಕಾಸು ಬಿಕ್ಕಟ್ಟು ಬಂತು. ದುಬೈ ಮನೆ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳೀತು. 2009ರ ನವೆಂಬರ್‌ನಲ್ಲಿ ಸರ್ಕಾರಿ ಒಡೆತನದ ದುಬೈ ವರ್ಲ್ಡ್ ಕಂಪನಿಯೇ 'ಸಾಲ ತೀರಿಸೋಕೆ ಆರು ತಿಂಗಳು ಕಾಲಾವಕಾಶ ಕೊಡಿ' ಅಂತ ಕೇಳ್ತು. ಮಾವ ಬುಕ್ ಮಾಡಿದ ಕಟ್ಟಡ ನೆಲದಿಂದ ಮೇಲೆ ಏಳಲೇ ಇಲ್ಲ. ಕೊಟ್ಟಿದ್ದರಲ್ಲಿ ಬಹುಪಾಲು ಹೋಯ್ತು. 'ಅತ್ತೆಗೆ ಎರಡು ವರ್ಷ ಹೇಳಿರಲಿಲ್ಲ' ಅಂದ್ರು.

ಆಮೇಲೆ 2012ರಲ್ಲಿ ಅವರು ಮನೆ ಕೊಂಡ್ರು. ಈ ಸಲ ಕಟ್ಟಿ ಮುಗಿದಿದ್ದು, ಜನ ವಾಸ ಇದ್ದಿದ್ದು, ಲಿಫ್ಟ್ ಕೆಲಸ ಮಾಡುತ್ತಾ ಅಂತ ಮೂರು ಸಲ ಹೋಗಿ ನೋಡಿ.

ನ್ಯಾಯವಾಗಿ ಹೇಳಬೇಕಂದ್ರೆ ಆ ಕಾಲಕ್ಕೂ ಈ ಕಾಲಕ್ಕೂ ವ್ಯತ್ಯಾಸ ಇದೆ. 2007ರ 8ನೇ ಕಾನೂನಿನ ಪ್ರಕಾರ ಆಫ್ ಪ್ಲಾನ್ ಹಣ ಬಿಲ್ಡರ್ ಜೇಬಿಗಲ್ಲ, ಆ ಒಂದು ಪ್ರಾಜೆಕ್ಟಿಗೇ ಮೀಸಲಾದ ಎಸ್ಕ್ರೊ ಖಾತೆಗೆ ಹೋಗಬೇಕು. ನಮ್ಮ ರೇರಾದಲ್ಲಿ 70% ಹಣ ಪ್ರತ್ಯೇಕ ಖಾತೆಯಲ್ಲಿ ಇಡಬೇಕು ಅಂತ ಇದೆಯಲ್ಲ, ಅದೇ ಜಾತಿಯ ನಿಯಮ. ಅಲ್ಲಿನ ನಿಯಂತ್ರಣ ಸಂಸ್ಥೆಯ ಹೆಸರೂ ರೇರಾನೇ. ಆದರೆ ನಿಯಮ ಕಾಪಾಡೋದು ಅದನ್ನ ಕೇಳಿ ತಿಳ್ಕೊಂಡವರನ್ನ.

ಹಾಗಾಗಿ ಮಾವ ಹೇಳಿಕೊಟ್ಟ ಪ್ರಶ್ನೆಗಳು ಇವು. ಸ್ಕ್ರೀನ್‌ಶಾಟ್ ತಗೊಳ್ಳಿ.

ಒಂದು, ಈ ಪ್ರಾಜೆಕ್ಟ್ ಭೂ ಇಲಾಖೆಯ 'ದುಬೈ ರೆಸ್ಟ್' ಆ್ಯಪ್‌ನಲ್ಲಿ ಇದೆಯಾ? ಎಷ್ಟು ಶೇಕಡಾ ಕಟ್ಟಿದ್ದಾರೆ?

ಎರಡು, ಎಸ್ಕ್ರೊ ಖಾತೆ ಯಾವುದು? ಕೊಡೋ ಪ್ರತಿ ದಿರ್ಹಮ್ ಆ ಖಾತೆಗೇ ಹೋಗ್ತಿದೆಯಾ, ಏಜೆಂಟ್ ಖಾತೆಗಾ?

ಮೂರು, ಏಜೆಂಟ್‌ಗೆ ದುಬೈ ರೇರಾ ನೋಂದಣಿ ಇದೆಯಾ?

ನಾಲ್ಕು, ನನ್ನ ಕರಾರು 'ಊಕೂದ್' ಆಗುತ್ತಾ, ಅಂದ್ರೆ ಆಫ್ ಪ್ಲಾನ್ ಮನೆಗಳ ಸರ್ಕಾರಿ ದಾಖಲೆಯಲ್ಲಿ ನನ್ನ ಹೆಸರು ಏರುತ್ತಾ? ಯಾವತ್ತು? ನಮ್ಮೂರಲ್ಲಿ ಖಾತೆ, ಇಸಿ ನೋಡದೆ ಸೈಟ್ ಕೊಳ್ತೀವಾ? ಇಲ್ಲ ತಾನೆ.

ಐದು, ವರ್ಷದ ಸರ್ವಿಸ್ ಚಾರ್ಜ್ ಚದರಡಿಗೆ ಎಷ್ಟು? ಬಾಡಿಗೆ ಬರಲಿ ಬಿಡಲಿ ಇದನ್ನ ಕಟ್ಟಲೇಬೇಕು.

'ಟ್ಯಾಕ್ಸ್ ಇಲ್ಲ' ಅನ್ನೋ ಅರ್ಧ ಸತ್ಯ

ಇನ್ನು ಎರಡು ಬಣ್ಣದ ಮಾತು ಬೇಗ ಮುಗಿಸ್ತೀನಿ.

'ಗೋಲ್ಡನ್ ವೀಸಾ ಸಿಗುತ್ತೆ ಸರ್.' ಹತ್ತು ವರ್ಷದ ಆ ವೀಸಾಗೆ ಆಸ್ತಿ ಮೌಲ್ಯ 20 ಲಕ್ಷ ದಿರ್ಹಮ್ ಇರಬೇಕು. ನಮ್ಮ ಲೆಕ್ಕದಲ್ಲಿ 4.8 ಕೋಟಿ ರೂಪಾಯಿ. 6 ಲಕ್ಷದ ಸ್ಟುಡಿಯೊಗೆ ಸಿಗಲ್ಲ.

'ಬಾಡಿಗೆಗೆ ಟ್ಯಾಕ್ಸ್ ಇಲ್ಲ ಸರ್.' ದುಬೈಯಲ್ಲಿ ವ್ಯಕ್ತಿಗಳಿಗೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ನೀವಿರೋದು ಬೆಂಗಳೂರಲ್ಲಿ. ಭಾರತದ ಸಾಮಾನ್ಯ ನಿವಾಸಿಯ ಆದಾಯ ಜಗತ್ತಿನ ಯಾವ ಮೂಲೆಯಿಂದ ಬಂದ್ರೂ ಇಲ್ಲಿ ತೆರಿಗೆಗೆ ಸೇರುತ್ತೆ. ಮನೆ ಬಾಡಿಗೆಗೆ ಸಿಗೋ 30% ಕಡಿತ ಕಳೆದು ಉಳಿದದ್ದು ನಿಮ್ಮ ಸ್ಲ್ಯಾಬ್‌ಗೆ ಬರುತ್ತೆ. ಮಾರಿದ ಲಾಭಕ್ಕೂ ಇಲ್ಲಿ ತೆರಿಗೆ.

ಎಲ್ಲರೂ ಮರೆಯೋದು ಇನ್ನೊಂದನ್ನ. ಬಾಡಿಗೆ ಒಂದು ಪೈಸೆ ಬರದಿದ್ರೂ, ಆ ಮನೆಯನ್ನ ಪ್ರತಿ ವರ್ಷ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ, ಅಂದ್ರೆ 'ಶೆಡ್ಯೂಲ್ ಎಫ್‌ಎ'ನಲ್ಲಿ ತೋರಿಸಬೇಕು. ಸಂಬಳದಾರರ ಸರಳ ಐಟಿಆರ್-1 ಆಗಲ್ಲ. ತೋರಿಸದಿದ್ರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ. ಒಟ್ಟು 20 ಲಕ್ಷದೊಳಗಿನ ವಿದೇಶಿ ಆಸ್ತಿಗೆ ಈಗ ಈ ದಂಡದಿಂದ ವಿನಾಯಿತಿ ಇದೆ, ಆದರೆ ಮನೆ, ಜಾಗಕ್ಕೆ ಆ ವಿನಾಯಿತಿ ಇಲ್ಲ.

ಕೊಲ್ಲಿ ದೇಶಗಳಿಂದ ಕೇಳ್ತಿರೋ ನಮ್ಮ ಕರಾವಳಿಯ, ಭಟ್ಕಳದ, ಮಂಗಳೂರಿನ ಗೆಳೆಯರಿಗೆ ಎರಡು ಮಾತು. ಅಲ್ಲಿ ವಾಸ ಇದ್ದಾಗ ಅಲ್ಲಿನ ದುಡಿಮೆಯಲ್ಲಿ ಕೊಂಡ ಮನೆಯನ್ನ, ಊರಿಗೆ ವಾಪಸ್ ಬಂದ ಮೇಲೂ ಇಟ್ಕೊಳ್ಳೋಕೆ ಫೆಮಾ 6(4) ಅವಕಾಶ ಕೊಡುತ್ತೆ. ಆದರೆ ಇಲ್ಲಿ ಸಾಮಾನ್ಯ ನಿವಾಸಿ ಆದ ಮೇಲೆ ಮೇಲಿನ ತೆರಿಗೆ, ಘೋಷಣೆ ಎಲ್ಲ ನಿಮಗೂ ಅನ್ವಯ. ಎರಡನೇದು ಉಯಿಲು. 2023ರಲ್ಲಿ ಜಾರಿಗೆ ಬಂದ ಯುಎಇ ಕಾನೂನಿನ ಪ್ರಕಾರ ಮುಸ್ಲಿಮೇತರರು ಉಯಿಲು ಬರೆಯದೆ ತೀರಿಕೊಂಡ್ರೆ, ಮೂಲ ನಿಯಮ ಅರ್ಧ ಸಂಗಾತಿಗೆ, ಅರ್ಧ ಮಕ್ಕಳಿಗೆ ಸಮವಾಗಿ. ಅಮ್ಮನಿಗೂ ಪಾಲು ಇರಲಿ ಅನ್ನೋರು ಅದನ್ನ ಬರೆದೇ ಇಡಬೇಕು. ಮಾವ ಉಯಿಲು ಮಾಡಿಸಿ, ಒಂದು ಪ್ರತಿ ಉಡುಪಿಗೂ ಕಳಿಸಿದ್ದಾರೆ.

ಕೊನೆಗೆ

ನನ್ನ ಸ್ನೇಹಿತ ಏನು ಮಾಡಿದ? ಮರುದಿನ ಆ ಸೇಲ್ಸ್ ಹುಡುಗನಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿದ. ಎಸ್ಕ್ರೊ ಖಾತೆ ಯಾವುದು? ನಾನು ಕಂತು ನಿಲ್ಲಿಸಿದ್ರೆ ಎಷ್ಟು ವಾಪಸ್? ಉತ್ತರ 'ಮ್ಯಾನೇಜರ್ ಫೋನ್ ಮಾಡ್ತಾರೆ ಸರ್'. ಮ್ಯಾನೇಜರ್ ಫೋನ್ ಮಾಡಿದ್ರು, ಉತ್ತರ ಕೊಡೋಕಲ್ಲ, 'ನಾಳೆಯಿಂದ ರೇಟ್ ಜಾಸ್ತಿ ಆಗುತ್ತೆ' ಅನ್ನೋಕೆ. ಅವನು ಬೇಡ ಅಂದ. 1.2 ಲಕ್ಷ ಟೋಕನ್ ವಾಪಸ್ ಬರಲಿಲ್ಲ. ರಸೀದಿ ಹಿಂದುಗಡೆ ಸಣ್ಣಕ್ಷರದಲ್ಲಿ 'ಮರುಪಾವತಿ ಇಲ್ಲ' ಅಂತ ಇತ್ತು. ಆ ದಿನ ನಾವಿಬ್ಬರೂ ಅದನ್ನ ತಿರುಗಿಸಿ ನೋಡಿರಲಿಲ್ಲ.

ಹೊರದೇಶದಲ್ಲಿ ಮನೆ ಬೇಡ ಅಂತ ನಾನು ಹೇಳ್ತಿಲ್ಲ. ಕೈಯಲ್ಲಿ ಪೂರ್ತಿ ದುಡ್ಡಿದ್ದು, ಕಟ್ಟಿ ಮುಗಿದ ಮನೆ ಕಣ್ಣಾರೆ ನೋಡಿ, ಬ್ಯಾಂಕ್ ಮೂಲಕ ಕಳಿಸಿ, ರಿಟರ್ನ್‌ನಲ್ಲಿ ತೋರಿಸಿ ನೆಮ್ಮದಿಯಾಗಿ ಇರೋರು ಎಷ್ಟೋ ಜನ ಇದ್ದಾರೆ. ಆದರೆ ಯಾರಾದ್ರೂ 'ಇಎಂಐ ಥರಾನೇ, ಇದೂ ಅಷ್ಟೇ' ಅಂದ್ರೆ, ಅಷ್ಟೇ ಅಲ್ಲ ಅನ್ನೋದು ನಿಮಗೀಗ ಗೊತ್ತು. ನಾನು ಹೇಳಿದ ದರ, ಮಿತಿಗಳು ಬದಲಾಗ್ತಾ ಇರ್ತವೆ, ಸಹಿ ಹಾಕೋ ವಾರ ಇನ್ನೊಮ್ಮೆ ನಿಮ್ಮ ಬ್ಯಾಂಕಿನಲ್ಲಿ, ಸಿಎ ಹತ್ತಿರ ಕೇಳಿಕೊಳ್ಳಿ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ ಹಿರಿಯರು. ನನ್ನ ಸ್ನೇಹಿತ ಮದುವೆ ಮಾಡ್ಕೊಂಡು ನೋಡಿದ್ದಾನೆ, ಚೆನ್ನಾಗೇ ಇದ್ದಾನೆ. ಮನೆ ಇನ್ನೂ ಹುಡುಕ್ತಾ ಇದ್ದಾನೆ, ಸದ್ಯಕ್ಕೆ ಮಣಿಪಾಲದ ಹತ್ತಿರ. ಹೋದ ವಾರ ಮಾವ ರಜೆಗೆ ಬಂದಿದ್ರು, ಇಬ್ಬರೂ ಹೋಗಿ ಲಿಫ್ಟ್ ನೋಡ್ಕೊಂಡು ಬಂದ್ರಂತೆ.

ಎಕ್ಸ್‌ಪೊ ಪಾಸ್ ಹಿಡ್ಕೊಂಡು ಕೂತಿರೋ ಗೆಳೆಯರು ಯಾರಾದ್ರೂ ಇದ್ರೆ ಈ ಸಂಚಿಕೆ ಅವರಿಗೆ ಕಳಿಸಿ.